ಒಂದೇ ಪ್ರಸಾದ, ಎರಡು ಬೇಡಿಕೆ

ಮಾಸ್ತಿಯಮ್ಮನನ್ನು ನಂಬಿ ನಡೆಯುವ ಎಲ್ಲ ಹಿರಿಯರಿಗೂ ಸಹೋದರ ಸಹೋದರಿಯರಿಗೂ ಮಂಕಿಯ ನಾಗವೇಣಿಯ ನಮಸ್ಕಾರಗಳು. ನನ್ನ ಅನುಭವವನ್ನು ಬರೆದುಕೊಡಬೇಕೆಂದು ದೇವಸ್ಥಾನದ ಸಮಿತಿಯವರು ಕೇಳಿದಾಗ ಕೂಡಲೇ ಒಪ್ಪಿಕೊಂಡೆನಾದರೂ, ಬರೆಯಲು ಕುಳಿತಾಗ ಕೈ ಹಿಂಜರಿಯಿತು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬೇರೆಯವರು ಬರೆದ ಮಾತುಗಳನ್ನು ಕ್ಯಾಮೆರಾದ ಎದುರು ಒಪ್ಪಿಸುವುದು ನನ್ನ ವೃತ್ತಿ. ಸ್ವಂತ ಮಾತುಗಳನ್ನು ಬರೆದು ನನಗೆ ರೂಢಿಯಿಲ್ಲ. ಈ ನಿವೇದನೆಯಲ್ಲಿ ಪದಗಳು ತಪ್ಪಿದ್ದರೆ, ಹೇಳಬೇಕಾದ ಮಾತು ಹಿಂದುಮುಂದಾಗಿದ್ದರೆ, ದಯವಿಟ್ಟು ಅದನ್ನು ನನ್ನ ಅರಿವಿನ ಕೊರತೆಯೆಂದು ತಿಳಿದು ಮನ್ನಿಸಬೇಕು. ದೇವಿಯ ಕೃಪೆಯಲ್ಲಿ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ನನಗೆ ಬಂದ ಕಷ್ಟವನ್ನೇ ಮೊದಲು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮೇಲೆ, ಬೆಂಗಳೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಎಡಬದಿಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿಕೊಂಡೆ. ಮುಖದ ಬಲಭಾಗ ನನ್ನದಾಗಿತ್ತು, ಎಡಭಾಗ ಇನ್ನಾರದೋ ಆಗಿತ್ತು. ಹುಬ್ಬು ಏಳಲಿಲ್ಲ, ಕಣ್ಣು ಮುಚ್ಚಲಿಲ್ಲ, ತುಟಿಯ ಅಂಚು ಜೋತುಬಿದ್ದಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ವೈದ್ಯರು ಪರೀಕ್ಷಿಸಿ, "ಗಾಬರಿಯಾಗಬೇಡಿ, ಇದು ಪಾರ್ಶ್ವವಾಯು ಅಲ್ಲ. ಮುಖದ ನರಕ್ಕೆ ಬಾವು ಬಂದಿದೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ" ಎಂದರು. "ಪೂರ್ತಿ ಮೊದಲಿನ ಹಾಗೆ ಆಗುತ್ತದೆಯೇ?" ಎಂದು ಕೇಳಿದೆ. "ಅದನ್ನು ಈಗಲೇ ಹೇಳಲಾಗದು. ನೀವು ಏನು ಕೆಲಸ ಮಾಡುತ್ತೀರಿ?" ಎಂದು ಅವರು ಕೇಳಿದರು. 

ಅದರ ಮರುವಾರ ನನ್ನ ಮೊದಲ ಮುಖ್ಯಪಾತ್ರದ ಚಿತ್ರೀಕರಣ ಆರಂಭವಾಗಬೇಕಿತ್ತು.

ಆ ಪಾತ್ರದವರೆಗೆ ನಾನು ಹೇಗೆ ಬಂದೆನೆಂಬುದನ್ನು ಸಂಕ್ಷೇಪವಾಗಿ ಹೇಳದಿದ್ದರೆ ಮುಂದಿನ ಸಂಗತಿ ಸ್ಪಷ್ಟವಾಗದು. ನಾನು ಎರಡನೆಯ ತರಗತಿಯಲ್ಲಿದ್ದಾಗ ನನ್ನ ತಂದೆ ಕಾಮಾಲೆಯಿಂದ ತೀರಿಕೊಂಡರು. ತಾಯಿ ಮಾದೇವಿ, ಮಂಕಿಯ ದಡದಲ್ಲಿ ಬೆಳಿಗ್ಗೆ ಹರಾಜಿಗೆ ಬರುವ ಮೀನು ಕೊಂಡು, ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಿ, ಮನೆಮನೆಗೆ ತಿರುಗಿ ಮಾರಿ ನನ್ನನ್ನು ಸಾಕಿದರು. ರಜಾದಿನಗಳಲ್ಲಿ ನಾನೂ ಚಿಕ್ಕ ಬುಟ್ಟಿಯೊಂದನ್ನು ಹೊತ್ತು ಹಿಂದೆ ನಡೆಯುತ್ತಿದ್ದೆ. ಬಸ್ಸಿನಲ್ಲಿ ನಮಗೆ ಯಾವಾಗಲೂ ಹಿಂದಿನ ಬಾಗಿಲ ಹತ್ತಿರದ ಜಾಗ. ಶಾಲೆಯಲ್ಲಿ ಮಕ್ಕಳು ನನ್ನನ್ನು ಕಂಡರೆ ಮೂಗು ಹಿಡಿದುಕೊಳ್ಳುತ್ತಿದ್ದರು.

ಆದರೆ ಸಂಜೆ ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಒಂದು ಸಂತೋಷವಿತ್ತು. ತಾಯಿ ಒಲೆಯ ಮುಂದೆ ಕುಳಿತು, "ಮಗಾ, ಇವತ್ತಿನ ಬೀಬಿಯಮ್ಮ ಒಂಚೂರು ಮಾಡೇ" ಎನ್ನುತ್ತಿದ್ದರು. ಬೀಬಿಯಮ್ಮ ಎಂದರೆ ಭಟ್ಕಳದ ಒಂದು ಓಣಿಯ ಹಿರಿಯರು, ನಮ್ಮ ಖಾಯಂ ಗಿರಾಕಿ. ಮನೆಯಲ್ಲಿ ನವಾಯತಿ ಭಾಷೆ, ನಮ್ಮೊಡನೆ ಕನ್ನಡ, ಬೆಲೆ ಕೇಳಿದೊಡನೆ ಉರ್ದು. ಅವರು ಮೀನಿನ ಕಿವಿರು ಎತ್ತಿ ನೋಡುವ ರೀತಿ, ಒಪ್ಪಿಗೆಯಿಲ್ಲದಾಗ ಕನ್ನಡಕದ ಮೇಲಿನಿಂದ ನೋಡುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ತಾಯಿ ನಗುನಗುತ್ತಾ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಮುದುಕಿಯ ಪಾತ್ರ ಯಾರಿಗೂ ಬೇಡವಾಗಿದ್ದರಿಂದ ನನಗೆ ಬಂತು. ನಾನು ಬೀಬಿಯಮ್ಮನ ನಡಿಗೆಯನ್ನೇ ನಡೆದೆ. ಮೂಗು ಹಿಡಿಯುತ್ತಿದ್ದವರೇ ಆ ದಿನ ಚಪ್ಪಾಳೆ ತಟ್ಟಿದರು.

ಹೊನ್ನಾವರದಲ್ಲಿ ಬಿ.ಎ. ಓದುವಾಗ ಕಾಲೇಜಿನ ನಾಟಕಗಳು, ಅನಂತರ ರಂಗತರಬೇತಿ, ಅನಂತರ ಬೆಂಗಳೂರು. ಧಾರಾವಾಹಿಯೊಂದರಲ್ಲಿ ಮನೆಗೆಲಸದವಳ ಪಾತ್ರ ದೊರೆಯಿತು. ಅಲ್ಲಿ ನಾನು ಪಟ್ಟ ಶ್ರಮವೆಲ್ಲ ನನ್ನ ಮಾತನ್ನು ತಿದ್ದಿಕೊಳ್ಳುವುದಕ್ಕೇ ಆಯಿತು. "ಏನು" ಎನ್ನಬೇಕಾದಲ್ಲಿ "ಎಂತ" ಬಂದುಬಿಡುತ್ತಿತ್ತು. "ಕಟ್! ಮೇಡಂ, ಮತ್ತೆ ನಿಮ್ಮ ಊರು ಬಂತು" ಎಂದು ಸಹಾಯಕ ನಿರ್ದೇಶಕರು ಕೂಗಿದರೆ ಎಲ್ಲರೂ ನಗುತ್ತಿದ್ದರು. ಕ್ರಮೇಣ ಊರು ಬರುವುದು ನಿಂತಿತು. ಒಂದೆರಡು ಪಾತ್ರಗಳ ಬಳಿಕ ಮುಖ್ಯಪಾತ್ರಕ್ಕೆ ಆಯ್ಕೆಯಾದೆ. ಆಗಲೇ ಮುಖ ಹೀಗಾಯಿತು.

ನಿರ್ಮಾಣ ಸಂಸ್ಥೆಯವರು ಕೆಲವು ದಿನ ಕಾದರು. ಬಳಿಕ ಬೇರೊಬ್ಬರನ್ನು ಆರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಧಾರಾವಾಹಿ ಯಾರಿಗಾಗಿಯೂ ನಿಲ್ಲುವಂಥದ್ದಲ್ಲ.

ನಾನು ಬಸ್ಸು ಹತ್ತಿ ಊರಿಗೆ ಬಂದೆ. ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅಂಗಳದಲ್ಲಿ ನಿಂತಾಗ ತಾಯಿ ದಡಕ್ಕೆ ಹೊರಟಿದ್ದರು. ನಾನು ದುಪಟ್ಟಾ ಸರಿಸಿದೆ.

"ಎಂತ ಆತೇ ಮಗಾ? ಯಾರಾದ್ರೂ ಹೊಡೆದ್ರಾ?"

"ಇಲ್ಲ ಅವ್ವಿ. ನರದ ತೊಂದರೆ."

ತಾಯಿ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು, ನನ್ನ ಎಡಗೆನ್ನೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರು. ಬಿಟ್ಟೊಡನೆ ಅದು ಕೆಳಗಿಳಿಯಿತು. "ಮೊದ್ಲು ಒಳ್ಗೆ ಬಾ. ಗಂಜಿ ಉಣ್ಣು. ಮುಖ ಆಮೇಲೆ ನೋಡ್ವಾ" ಎಂದರು. ಆ ದಿನ ಅವರು ಭಟ್ಕಳಕ್ಕೆ ಹೋಗಲಿಲ್ಲ.

ವೈದ್ಯರು ಕೊಟ್ಟ ಔಷಧಿಯನ್ನು ತಪ್ಪದೆ ತೆಗೆದುಕೊಂಡೆ. ಕುಮಟಾದಲ್ಲಿ ಫಿಸಿಯೋಥೆರಪಿಗೆ ಹೋಗತೊಡಗಿದೆ. ಮಂಕಿಯಿಂದ ಹೊನ್ನಾವರ, ಅಲ್ಲಿ ಬಸ್ಸು ಬದಲಿಸಿ ಕುಮಟಾ. ಕಿಟಕಿಯ ಗಾಳಿ ತಾಗಿದರೆ ಮುಚ್ಚದ ಕಣ್ಣು ಉರಿಯುತ್ತಿದ್ದುದರಿಂದ ಯಾವಾಗಲೂ ಒಳಬದಿಯ ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಫಿಸಿಯೋಥೆರಪಿಸ್ಟರು ಕೆನ್ನೆ ಉಬ್ಬಿಸುವ, ತುಟಿ ಕೂಡಿಸುವ ವ್ಯಾಯಾಮಗಳನ್ನು ಕಲಿಸಿ, "ಪ, ಬ, ಮ ಇರುವ ಶಬ್ದಗಳನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ" ಎಂದರು. ಇದನ್ನು ಕೇಳಿದ ನನ್ನ ತಾಯಿಗೆ ಪಾಠಪುಸ್ತಕ ಬೇಕಾಗಲಿಲ್ಲ.

"ಬಂಗಡೆ ಹೇಳು."

"ಹಂಗಡೆ."

"ಹಂಗಡೆ ಯಾರು ತಕಂತಾರೆ? ಬಂಗಡೆ!"

"ವಂಗಡೆ."

"ಈಗ ಒಂಚೂರು ಮೀನಿನ ವಾಸ್ನೆ ಬಂತು. ಪಾಂಪ್ಲೆಟ್ ಹೇಳು ಕಾಂಬ."

ಹೀಗೆ ದಿನವೂ ಸಂಜೆ ಅದೇ ಒಲೆಯ ಮುಂದೆ ನಾನು ಮೀನು ಕೂಗುತ್ತಿದ್ದೆ. ತಿಂಗಳುಗಳು ಕಳೆದಂತೆ ಕಣ್ಣು ಬಹುಮಟ್ಟಿಗೆ ಮುಚ್ಚತೊಡಗಿತು, ತುಟಿ ಕೂಡತೊಡಗಿತು. ಆದರೆ ನಕ್ಕರೆ ಎಡ ಅಂಚು ಬಲಕ್ಕಿಂತ ತಡವಾಗಿ ಏಳುತ್ತಿತ್ತು. ಅವಸರದಲ್ಲಿ ಮಾತನಾಡಿದರೆ ಅಕ್ಷರಗಳು ಜಾರುತ್ತಿದ್ದವು. ಅಲ್ಲಿಗೆ ಚೇತರಿಕೆ ನಿಂತಂತಾಯಿತು. ಕುಮಟಾದವರೂ, "ಇನ್ನು ಮುಂದೆ ನಿಧಾನ" ಎಂದರು.

ಅದೇ ಸಮಯದಲ್ಲಿ ಎರಡು ಕರೆಗಳು ಬಂದವು. ಹೊನ್ನಾವರದ ಖಾಸಗಿ ಶಾಲೆಯೊಂದರಿಂದ, ಪದವಿ ಇರುವುದರಿಂದ ತಾತ್ಕಾಲಿಕವಾಗಿ ಪಾಠ ಮಾಡಲು ಬರಬಹುದೆಂಬ ಕರೆ. ಇನ್ನೊಂದು ಬೆಂಗಳೂರಿನಿಂದ, ಕಲಾವಿದರನ್ನು ಒದಗಿಸುವ ಮಧ್ಯವರ್ತಿಯೊಬ್ಬರದು. "ಒಂದು ಪಾತ್ರ ಇದೆ ಮೇಡಂ. ಊರವರು ಹೊರಹಾಕಿದ ಮಾಟಗಾತಿ. ನಿಮಗೆ ಮೇಕಪ್ ಕೂಡ ಬೇಕಾಗಲ್ಲ" ಎಂದರು ಅವರು. ಫೋನು ಇಟ್ಟ ಮೇಲೆ ಬಹಳ ಹೊತ್ತು ಬಚ್ಚಲಿನಲ್ಲಿ ನಿಂತಿದ್ದೆ. ಆದರೂ ಅದನ್ನು ಬೇಡವೆನ್ನಲು ನನ್ನಿಂದಾಗಲಿಲ್ಲ. ಒಮ್ಮೆ ಬೇಡವೆಂದರೆ ಮತ್ತಾರೂ ಕರೆಯದಿರಬಹುದು. ಮತ್ತೆ ನಟಿಸುವುದು ನನ್ನ ಹಣೆಯಲ್ಲಿ ಇದೆಯೇ ಇಲ್ಲವೇ ಎಂಬುದೊಂದೇ ನನಗೆ ತಿಳಿಯಬೇಕಿತ್ತು.

"ದೇವಿ ಹತ್ರ ಪ್ರಸಾದ ಕೇಳ್ವಾ" ಎಂದರು ತಾಯಿ.

ನಮ್ಮ ಕ್ರಮ ತಮಗೆಲ್ಲ ತಿಳಿದದ್ದೇ. ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ದೇವಿಯ ಎಡಬಲ ಭುಜಗಳಿಗೆ ಹಚ್ಚಿ, ಕೇಳುವುದನ್ನು ಬಾಯಿಬಿಟ್ಟು ಕೇಳಬೇಕು. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಒಂದು ಪ್ರಸಾದಕ್ಕೆ ಒಂದೇ ಪ್ರಶ್ನೆ. ಪೂಜೆ ಮಾಡುವ ಗುನಗಜ್ಜ ಎಸಳು ಹಚ್ಚಿ, "ಎಂತ ಕೇಳೂದು, ಹೇಳಿ" ಎಂದರು. ನಾನು ಆರಂಭಿಸಿದೆ. ದೇವಿಯ ಎದುರು ನಿಂತ ಉದ್ವೇಗಕ್ಕೋ ಏನೋ, ತುಟಿ ಕೂಡಲೇ ಇಲ್ಲ. "ಮಾಸ್ತಿಯಮ್ಮ" ಎಂಬ ಹೆಸರೇ ಸರಿಯಾಗಿ ಹೊರಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ ಅತ್ತುಬಿಟ್ಟೆ.

"ಬೇಡ ಮಗಾ, ಕಷ್ಟ ಪಡೂದು ಬೇಡ" ಎಂದರು ಗುನಗಜ್ಜ. "ಮನಸ್ಸಲ್ಲೇ ಹೇಳ್ಕ. ಅವ್ಳಿಗೆ ಕೇಳ್ತದೆ."

ಕಣ್ಣು ಮುಚ್ಚಿ ನಿಂತೆವು. ಕಣ್ಣು ತೆರೆಯುವಷ್ಟರಲ್ಲಿ ಬಲದ ಎಸಳು ಬಿದ್ದಿತ್ತು. ತಾಯಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, "ಆತಲ್ಲಾ ತಾಯೇ, ಆತಲ್ಲಾ" ಎಂದರು. ಅವರ ಅಷ್ಟು ಸಂತೋಷವನ್ನು ನೋಡಿ ನನಗೂ ಬಹಳ ಸಮಾಧಾನವಾಯಿತು.

ಮನೆಯ ದಾರಿಯಲ್ಲಿ, "ನಾಳೆಯೇ ಬಸ್ಸಿಗೆ ಸೀಟು ಹೇಳಿಬಿಡ್ತೇನೆ ಅವ್ವಿ" ಎಂದೆ.

ತಾಯಿ ನಿಂತರು. "ಬಸ್ಸಾ? ಎಲ್ಲಿಗೆ?"

"ಬೆಂಗಳೂರಿಗೆ. ಪ್ರಸಾದ ಆಯಿತಲ್ಲ."

"ಪ್ರಸಾದ ಆದದ್ದು ನೀ ಮನೇಲೇ ಇರೂಕೆ!"

"ನಾನು ಕೇಳಿದ್ದು ಮತ್ತೆ ನಟನೆ ಮಾಡುವುದು ಹೌದೋ ಅಲ್ಲವೋ ಅಂತ."

"ನಾ ಕೇಳಿದ್ದು ಮಗಳು ನನ್ನ ಕಣ್ಣೆದ್ರಿಗೇ ಇರ್ಲಿ ಹೇಳಿ. ಅದ್ಕೇ ಕೊಟ್ಲು ಅವ್ಳು."

ನಾವಿಬ್ಬರೂ ದಾರಿಯ ನಡುವೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಒಂದೇ ಎಸಳಿಗೆ ಇಬ್ಬರೂ ಬೇರೆ ಬೇರೆ ಬೇಡಿಕೆ ಇಟ್ಟಿದ್ದೆವು. ತಿರುಗಿ ದೇವಸ್ಥಾನಕ್ಕೆ ಹೋದೆವು. ಗುನಗಜ್ಜ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಇಷ್ಟು ವರ್ಷದಲ್ಲಿ ಇಂಥಾದ್ದು ನಾ ಕಂಡದ್ದಿಲ್ಲ. ಮಾದೇವಿ, ಮಗಳು ಕೇಳೂವಾಗ ನೀ ಸುಮ್ನಿರೂಕೆ ಎಂತ ಆಗಿತ್ತು?"

"ತಾಯಿ ಆದ್ಮೇಲೆ ಸುಮ್ನೆ ಹೆಂಗೆ ನಿಲ್ಲೂದು?" ಎಂದರು ನನ್ನ ತಾಯಿ. "ಈಗ ಇನ್ನೊಂದ್ಸಲ ಕೇಳಿ."

"ಆಗೂದಿಲ್ಲ. ಕೊಟ್ಟ ಪ್ರಸಾದದ ಮೇಲೆ ಅದ್ನೇ ತಿರುಗಿ ಕೇಳಿದ್ರೆ ಅವ್ಳ ಮಾತು ನಂಬಿದ್ದಿಲ್ಲ ಹೇಳಿ ಆತು. ಸಂಕ್ರಮಣ ಬರ್ಲಿ. ಅಲ್ಲಿವರೆಗೆ ಇದ್ದ ಹಾಂಗೇ ಇರಿ."

ಇದ್ದ ಹಾಗೆಯೇ ಇದ್ದೆವು. ನಾನು ಬೆಂಗಳೂರಿಗೆ ಹೋಗಲಿಲ್ಲ. ಮಾಟಗಾತಿಯ ಪಾತ್ರ ಇನ್ನೊಬ್ಬರದಾಯಿತು. ಶಾಲೆಗೂ ಒಪ್ಪಿಗೆ ಕೊಡಲಿಲ್ಲ. ಅವರೂ ಬೇರೆಯವರನ್ನು ನೇಮಿಸಿಕೊಂಡರು. ನನ್ನ ಪಾಲಿಗೆ ಎರಡು ಬಾಗಿಲುಗಳೂ ಮುಚ್ಚಿದವು. ದೇವಿ ಕೊಟ್ಟ ಪ್ರಸಾದದಿಂದಲೇ ಹೀಗಾಯಿತೆಂಬ ಯೋಚನೆ ಬಂದು, ಆ ಯೋಚನೆಗೆ ಹೆದರಿ ಕೆಲವು ದಿನ ದೀಪ ಹಚ್ಚಲೂ ಕೈ ಬರಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಸಂಜೆಯ ಬಂಗಡೆಯೂ ನಿಂತಿತು.

ಒಂದು ದಿನ ಊಟದ ವೇಳೆಯಲ್ಲಿ ತಾಳಲಾರದೆ, "ನಾನು ಇಲ್ಲೇ ಕೊಳೆಯಬೇಕು ಅಂತಲೇ ನಿನಗೆ ಆಸೆಯಾ ಅವ್ವಿ?" ಎಂದೆ. ತಾಯಿ ಅನ್ನ ಕಲಸುವುದನ್ನು ನಿಲ್ಲಿಸಿದರು.

"ಅವತ್ತು ಬೆಳಿಗ್ಗೆ ಮುಖ ಹಾಂಗಾದಾಗ ನಿನ್ನ ಹತ್ರ ಯಾರಿದ್ರು?"

"ಯಾರೂ ಇರಲಿಲ್ಲ."

"ಆಸ್ಪತ್ರೆಗೆ?"

"ಒಬ್ಬಳೇ ಹೋದೆ."

"ನಿನ್ನ ಅಪ್ಪ ತೀರ್ಕಂಡಾಗ ನಾ ಭಟ್ಕಳದಲ್ಲಿ ಮೀನು ಮಾರ್ತಾ ಇದ್ದೆ" ಎಂದರು ತಾಯಿ. "ಬಂದು ನೋಡೂವಾಗ ಎಲ್ಲ ಮುಗ್ದಿತ್ತು. ನಿನ್ನ ಸುದ್ದಿನೂ ಹಾಂಗೇ ತಡವಾಗಿ ಫೋನಲ್ಲಿ ಕೇಳೂಕೆ ನನ್ನಿಂದ ಆಗೂದಿಲ್ಲ."

ನನಗೆ ಈ ವಿಷಯ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವರ ತಟ್ಟೆಗೆ ನಾನೇ ಸಾರು ಬಡಿಸಿದೆ.

ಸಂಕ್ರಮಣಕ್ಕೆ ಇನ್ನೂ ಕೆಲವು ದಿನಗಳಿದ್ದಾಗ ತಾಯಿಗೆ ಜ್ವರ ಬಂತು. ಖಾಯಂ ಮನೆಗಳಿಗೆ ಮೀನು ತಪ್ಪಬಾರದೆಂದು ನಾನೇ ದಡಕ್ಕೆ ಹೋಗಿ ಹರಾಜಿನಲ್ಲಿ ಬಂಗಡೆ ಕೊಂಡು, ಬುಟ್ಟಿ ಹೊತ್ತು ಭಟ್ಕಳದ ಬಸ್ಸು ಹತ್ತಿದೆ. ಸೀರೆಯ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದೆ. ಕೂಗಲು ಧೈರ್ಯ ಸಾಲದೆ ಸುಮ್ಮನೆ ಓಣಿಯಲ್ಲಿ ನಡೆದೆ. ಬೀಬಿಯಮ್ಮ ಜಗುಲಿಯಲ್ಲಿ ಕುಳಿತಿದ್ದರು.

"ಯಾರು? ಮಾದೇವಿ ಮಗಳಾ? ಟಿವಿಯಲ್ಲಿ ನೀನು ಅತ್ತರೆ ನಮ್ಮ ಸೊಸೆಯಂದಿರ ಸಾರು ತಳ ಹತ್ತುತ್ತಿತ್ತು. ಎಲ್ಲಿ ಕಾಣೆಯಾದೆ?"

ನಾನು ಸೆರಗಿನೊಳಗಿನಿಂದಲೇ ಏನೋ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಸೆರಗು ತೆಗಿ. ಮಾರುವವಳೇ ಮೂಗು ಮುಚ್ಚಿಕೊಂಡರೆ ಮೀನು ಹಳಸಿದೆ ಅಂತ ತಿಳೀತಾರೆ."

ಸೆರಗು ತೆಗೆದೆ. ಅವರು ನನ್ನ ಮುಖವನ್ನು ನೋಡಿದರು, ಬಳಿಕ ಮೀನಿನ ಕಿವಿರು ಎತ್ತಿ ನೋಡಿದರು. "ಮೀನು ತಾಜಾ ಇದೆ. ಮುಖಕ್ಕೆ ದುವಾ ಮಾಡ್ತೇನೆ. ಈಗ ಬೆಲೆ ಹೇಳು."

ಬೆಲೆ ಹೇಳಿದೆ. "ಕ್ಯಾ! ಬುಟ್ಟಿಯನ್ನೂ ಸೇರಿಸಿ ಕೊಡ್ತೀಯಾ?" ಎಂದು ಅವರು ಜಗುಲಿಯಿಂದ ಎದ್ದೇಬಿಟ್ಟರು. ಚೌಕಾಶಿ ಏರಿತು. ಎಷ್ಟೋ ತಿಂಗಳುಗಳ ನಂತರ ನಾನು ಮುಖವನ್ನು ಮರೆತು ಮಾತನಾಡಿದೆ. ತಾಯಿಯ ಗತ್ತು, ತಾಯಿಯ ಮಾತು, ನಾನು ವರ್ಷಗಟ್ಟಲೆ ತಿದ್ದಿ ಹಾಕಿದ್ದ "ಎಂತ", ಎಲ್ಲವೂ ತಾವಾಗಿ ಬಂದವು. ಕೊನೆಗೆ ಬೀಬಿಯಮ್ಮ ಸೋತು ನಕ್ಕರು. ನಾನು ಬುಟ್ಟಿ ಎತ್ತಿಕೊಂಡು, "ಬಂಗಡೇ!" ಎಂದು ಕೂಗಿ ಮುಂದೆ ನಡೆದೆ. "ಬ" ಸ್ಪಷ್ಟವಾಗಿತ್ತು.

ಓಣಿಯ ತುದಿಯಲ್ಲಿ ನಿಂತಿದ್ದ ಕಾರಿನಿಂದ ಒಬ್ಬರು ಇಳಿದು ಓಡಿಬಂದರು. "ಅಮ್ಮಾ, ಒಂದು ನಿಮಿಷ. ಈಗ ಆ ಅಜ್ಜಿ ಹತ್ತಿರ ಮಾತಾಡಿದ್ರಲ್ಲ, ಅದನ್ನ ಇನ್ನೊಂದ್ಸಲ ಮಾತಾಡ್ತೀರಾ? ನಾವು ಸೀರಿಯಲ್‌ನವರು. ಹೆದರಬೇಡಿ, ಕ್ಯಾಮೆರಾ ಅಂದ್ರೆ ಏನಂತ ನಾನು ಹೇಳಿಕೊಡ್ತೀನಿ."

ನಾನು ಬುಟ್ಟಿ ಇಳಿಸಿದೆ. "ಕ್ಲೋಸಪ್ ಇದೆಯಾ ಸರ್?" ಎಂದು ಕೇಳಿದೆ. "ಇದ್ದರೆ ಬಲಗಡೆಯಿಂದ ಇಡಿ. ಎಡಗಡೆ ನನಗೆ ಸ್ವಲ್ಪ ತೊಂದರೆಯಿದೆ."

"ನೀವು ಆರ್ಟಿಸ್ಟಾ?" ಎಂದರು ಅವರು. ಅವರೇ ನಿರ್ದೇಶಕರು. ಕರಾವಳಿಯ ಮೀನುಗಾರ ಕುಟುಂಬದ ಕಥೆಯೊಂದಕ್ಕಾಗಿ ಇಲ್ಲಿಯ ಮಾತು ಬಲ್ಲ ನಟಿಯನ್ನು ಹುಡುಕುತ್ತಾ, ಬೆಂಗಳೂರಿನಲ್ಲಿ ಯಾರೂ ಸಿಗದೆ, ಸ್ಥಳ ನೋಡಲು ಬಂದಿದ್ದರು. ನನ್ನ ವಿಷಯವನ್ನೆಲ್ಲ ಕೇಳಿ, "ನಗಿ" ಎಂದರು. ನಕ್ಕೆ. "ಎಡಗಡೆಯಿಂದಲೇ ಇಡ್ತೀನಿ" ಎಂದರು. "ಕಷ್ಟಪಟ್ಟು ನಗೋ ಹೆಣ್ಣುಮಗಳೇ ಈ ಕಥೆಯ ದೊಡ್ಡ ಮಗಳು. ಆದರೆ ಒಂದು ವಿಷಯ. ಶೂಟಿಂಗ್ ಹೆಚ್ಚಿನದೆಲ್ಲ ಇಲ್ಲೇ. ಹೊನ್ನಾವರದ ಬಂದರು, ಅಪ್ಸರಕೊಂಡದ ಕಡಲು. ನೀವು ಬೆಂಗಳೂರು ಬಿಟ್ಟು ಇಲ್ಲೇ ಇರೋದಕ್ಕೆ ಆಗುತ್ತಾ?"

ಓಣಿಯ ನಡುವೆಯೇ ನನ್ನ ಕೈಗಳು ತಾವಾಗಿ ಜೋಡಿಕೊಂಡವು. ನಿರ್ದೇಶಕರು ತಮಗೇ ಕೈಮುಗಿದೆನೆಂದು ತಿಳಿದು ಸಂಕೋಚಪಟ್ಟರು.

ಮನೆಗೆ ಬಂದು ಹಾಸಿಗೆಯ ಬದಿಯಲ್ಲಿ ಕುಳಿತು ತಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು, "ರಾತ್ರಿ ಮನೆಗೆ ಬತ್ಯಾ?" ಎಂದು. "ಬರ್ತೇನೆ ಅವ್ವಿ, ದಿನಾ ಬರ್ತೇನೆ" ಎಂದೆ. ಅವರು ಹಾಸಿಗೆಯಲ್ಲಿ ಎದ್ದು ಕುಳಿತರು. ಆಮೇಲೆ, "ಹಂಗಾರೆ ಇಬ್ರದ್ದೂ ಹೌದಾತು" ಎಂದರು. "ಅವ್ಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ನಮ್ಗೇ."

ಸಂಕ್ರಮಣದ ದಿನ ಹಣ್ಣುಕಾಯಿ ತೆಗೆದುಕೊಂಡು ಹೋದೆವು. ಗುನಗಜ್ಜ ಎಸಳುಗಳನ್ನು ನೀರಿನಲ್ಲಿ ಅದ್ದಿಟ್ಟು ಕಾಯುತ್ತಿದ್ದರು. "ಈ ಸಲ ಒಬ್ರೇ ಕೇಳಿ ಮಾರಾಯ್ತಿ" ಎಂದರು. "ಕೇಳೂದು ಎಂತದೂ ಇಲ್ಲ ಅಜ್ಜ. ಕಾಯಿ ಒಡೆದು ಕೊಡಿ" ಎಂದರು ನನ್ನ ತಾಯಿ. ಆ ದಿನ ನಾನು ದೇವಿಯ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಪೂರ್ತಿ ಬಂತು.

ಆ ಧಾರಾವಾಹಿ ಪ್ರಸಾರವಾಗತೊಡಗಿ ಈಗ ಒಂದು ವರ್ಷ ಮೀರಿದೆ. ಕುಮಟಾದ ಬಸ್ ನಿಲ್ದಾಣದಲ್ಲಿ ಅಪರಿಚಿತರು ನನ್ನನ್ನು ಪಾತ್ರದ ಹೆಸರಿನಿಂದ ಕರೆದು ಮಾತನಾಡಿಸುತ್ತಾರೆ. ಮಕ್ಕಳು ತುಟಿಯ ಒಂದು ಅಂಚನ್ನು ತಡವಾಗಿ ಎತ್ತಿ ನನ್ನಂತೆ ನಗಲು ಪ್ರಯತ್ನಿಸುತ್ತಾರೆ. ಎಡತುಟಿ ಇನ್ನೂ ತಡವೇ. ಅದು ಹೀಗೆಯೇ ಉಳಿಯಬಹುದೆಂದು ವೈದ್ಯರು ಹೇಳಿದ್ದಾರೆ. ಚಿಕಿತ್ಸೆ ನೀಡಿದ ಎಲ್ಲರಿಗೂ, ಪ್ರಾರ್ಥಿಸಿದ ಬೀಬಿಯಮ್ಮನವರಿಗೂ ನಾನು ಋಣಿ.

ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ನಾನು ಮನೆಯಲ್ಲಿದ್ದೇನೆ ಮತ್ತು ನಟಿಸುತ್ತಿದ್ದೇನೆ. ತಾಯಿ ಮನಸ್ಸಾದ ದಿನ ಮಾತ್ರ ಭಟ್ಕಳಕ್ಕೆ ಹೋಗುತ್ತಾರೆ, ಸಂಜೆ ಒಲೆಯ ಮುಂದೆ ಆ ದಿನದ ಚಿತ್ರೀಕರಣವನ್ನು ಮಾಡಿ ತೋರಿಸಲು ಹೇಳುತ್ತಾರೆ. ದೇವಿಯ ಬಳಿ ಏನನ್ನಾದರೂ ಕೇಳಬೇಕಾದಾಗ, ಮನೆಯಿಂದ ಹೊರಡುವ ಮೊದಲೇ ಅದನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ.